ಅಲುಗುವ ನೆಲ, ಅಲುಗದ ಕನ್ನಡಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಮನೆಗೆ ಬಂದು ಕೇಳಿಕೊಂಡರು. ನಿವೃತ್ತ ಮುಖ್ಯಾಧ್ಯಾಪಕನಿಂದ ಇಂಥ ಸಂದರ್ಭದಲ್ಲಿ ಏನನ್ನು ಅಪೇಕ್ಷಿಸುತ್ತಾರೆ ಎಂಬುದು ನನಗೆ ತಿಳಿಯದ ಸಂಗತಿಯಲ್ಲ. ಶಾಲೆ ಹುಟ್ಟಿದ ಬಗೆ, ಹಿರಿಯರ ಔದಾರ್ಯ, ಮೊದಲ ತಂಡದ ಫಲಿತಾಂಶ, ಮಳೆಗಾಲದ ಕರಿಮಣ್ಣಿನ ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಿದ್ದ ಮಕ್ಕಳು, ಇವೆಲ್ಲವನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿಯೇ ಇದ್ದಾರೆ. ನಾನು ವರುಷಗಟ್ಟಲೆ ವಿಜ್ಞಾನ, ಗಣಿತಗಳನ್ನು ಕಲಿಸಿದವನು. ಉತ್ಸವದ ಸಂಚಿಕೆಯಲ್ಲಿಯೂ ಒಂದು ಪಾಠವನ್ನೇ ಮಾಡಹೊರಟಿದ್ದೇನೆ. ವಾಚಕರು ಕ್ಷಮಿಸಬೇಕು, ರೂಢಿ ಬಿಡದು.

ಈ ಪಾಠಕ್ಕೆ ಒಂದು ಕಾರಣವುಂಟು. ಕೆಲವು ವರುಷಗಳ ಹಿಂದೆ, ನನ್ನ ಕೈಯಲ್ಲಿಯೇ ಕಲಿತ ಪಾಲಕರೊಬ್ಬರು ತಮ್ಮ ಮಗನನ್ನು ಬೇರೆ ಮಾಧ್ಯಮದ ಶಾಲೆಗೆ ಹಾಕಲೆಂದು ದಾಖಲಾ ಒಯ್ಯಲು ಬಂದಿದ್ದರು. ದಾರಿಯಲ್ಲಿ ನನ್ನನ್ನು ಕಂಡು ನಮಸ್ಕರಿಸಿ, ಸಂಕೋಚದಿಂದಲೇ, “ಗುರುಗಳ, ಸಿಟ್ಟಾಗಬ್ಯಾಡ್ರಿ. ಮುಂದ ದೊಡ್ಡ ದೊಡ್ಡ ಮಶೀನ ಬರತಾವ. ಅವುಗಳ ಮಾತು ಕನ್ನಡದಾಗ ಎಲ್ಲಿ ಇರತೈತ್ರಿ?” ಎಂದರು. ಸಿಟ್ಟು ಬರಲಿಲ್ಲ. ಮಗನ ಹಿತವನ್ನು ಬಯಸುವ ತಂದೆಯ ಮಾತು ಅದು. ಗಡಿಭಾಗದ ಕನ್ನಡ ಶಾಲೆಗಳ ವರ್ಗಗಳಲ್ಲಿ ಬೆಂಚುಗಳು ಬರಿದಾಗುತ್ತಿರುವುದಕ್ಕೆ ಇಂಥ ಮಾತುಗಳೇ ಕಾರಣವೆಂದು ಬಲ್ಲೆ. ಬರಿಯ ಭಾಷಾಭಿಮಾನದ ಭಾಷಣದಿಂದ ಅದಕ್ಕೆ ಉತ್ತರ ಕೊಡಲಾಗದು. ದೊಡ್ಡ ಯಂತ್ರವೊಂದನ್ನು ಎತ್ತಿಕೊಂಡು, ಅದರ ಮಾತನ್ನು ಕನ್ನಡದಲ್ಲಿ ಆಡಿ ತೋರಿಸಬೇಕು. ಆದುದರಿಂದ ಮನುಷ್ಯರು ಕಟ್ಟಿದ ಯಂತ್ರಗಳಲ್ಲಿ ಅತ್ಯಂತ ಸೂಕ್ಷ್ಮವಾದವುಗಳಲ್ಲಿ ಒಂದನ್ನೇ ಆರಿಸಿಕೊಂಡಿದ್ದೇನೆ. ಅದೃಷ್ಟಕ್ಕೆ ಅದು ನಮ್ಮ ರಾಜ್ಯಕ್ಕೇ ಬರುತ್ತಲಿದೆ.

ಮರಾಠವಾಡೆಯ ಹಿಂಗೋಲಿ ಜಿಲ್ಲೆಯಲ್ಲಿ ಔಂಢಾ ನಾಗನಾಥವೆಂಬ ಕ್ಷೇತ್ರವಿದೆ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಅದೂ ಒಂದೆಂದು ಭಕ್ತರ ನಂಬಿಕೆ. ಸಂತ ನಾಮದೇವರನ್ನು ಗುಡಿಯ ಹಿಂದೆ ಕಳುಹಿದಾಗ, ಅವರ ಕೀರ್ತನೆ ಕೇಳಲು ಗುಡಿಯೇ ಅವರತ್ತ ತಿರುಗಿತೆಂಬ ಐತಿಹ್ಯವನ್ನು ಪಂಢರಪುರದ ವಾರಿಗೆ ಹೋಗುವ ನಮ್ಮ ಊರ ಹಿರಿಯರೆಲ್ಲ ಬಲ್ಲರು. ಗುಡಿಯೇ ತಿರುಗಿದ ಆ ಊರಿನ ಸಮೀಪದಲ್ಲಿ, ಕೂದಲೆಳೆಯ ಕೋಟಿ ಪಾಲಿನಷ್ಟೂ ಅಲುಗಬಾರದ ಯಂತ್ರವನ್ನು ನಿಲ್ಲಿಸುವ ಯೋಜನೆ ನಡೆದಿದೆ. ಅದರ ಹೆಸರು ಲೈಗೊ–ಇಂಡಿಯಾ. ಗುರುತ್ವದ ಅಲೆಗಳನ್ನು ಲೇಸರ್ ಬೆಳಕಿನಿಂದ ಹಿಡಿಯುವ ವೀಕ್ಷಣಾಲಯವಿದು. ಕೇಂದ್ರ ಸಚಿವ ಸಂಪುಟವು 2016ರ ಫೆಬ್ರವರಿಯಲ್ಲಿ ಇದಕ್ಕೆ ತಾತ್ವಿಕ ಒಪ್ಪಿಗೆಯನ್ನೂ, 2023ರ ಏಪ್ರಿಲ್‌ನಲ್ಲಿ 2,600 ಕೋಟಿ ರೂಪಾಯಿಗಳ ಮಂಜೂರಾತಿಯನ್ನೂ ಕೊಟ್ಟಿತು. ಅಮೇರಿಕೆಯ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್ ಎಂಬಲ್ಲಿ ಇಂಥ ಎರಡು ವೀಕ್ಷಣಾಲಯಗಳು ಕೆಲಸ ಮಾಡುತ್ತಲಿವೆ. ಹಿಂಗೋಲಿಯದು ಅವುಗಳ ಒಡಹುಟ್ಟು.

ಯಂತ್ರದ ಆಕಾರವನ್ನು ಮೂರನೆಯ ಇಯತ್ತೆಯ ಹುಡುಗನೂ ಪಾಟಿಯ ಮೇಲೆ ತೆಗೆಯಬಲ್ಲ. ಒಂದಕ್ಕೊಂದು ಕಾಟಕೋನದಲ್ಲಿ ಎರಡು ಕೊಳವೆಗಳು, ಪ್ರತಿಯೊಂದರ ಉದ್ದ 4 ಕಿಲೋಮೀಟರು. ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದಿರುತ್ತಾರೆ. ಕೊಳವೆಗಳ ತುದಿಯಲ್ಲಿಯೂ ಬುಡದಲ್ಲಿಯೂ 40 ಕಿಲೊ ತೂಕದ ಕನ್ನಡಿಗಳು ತೂಗುತ್ತಿರುತ್ತವೆ. ಒಂದೇ ಬೆಳಕನ್ನು ಎರಡಾಗಿ ಸೀಳಿ ಎರಡೂ ಕೊಳವೆಗಳಲ್ಲಿ ಓಡಿಸಿ ಮರಳಿ ಕೂಡಿಸುತ್ತಾರೆ. ಒಂದು ಕೊಳವೆ ಇನ್ನೊಂದಕ್ಕಿಂತ ಕಿಂಚಿತ್ತು ಉದ್ದವಾದರೂ ಕೂಡಿದ ಬೆಳಕಿನ ಹೊಳಪು ಬದಲಾಗುತ್ತದೆ. ದೂರದ ಆಕಾಶದಲ್ಲಿ ಎರಡು ಕೃಷ್ಣರಂಧ್ರಗಳು ಡಿಕ್ಕಿಯಾದರೆ ಅವಕಾಶವೇ ಅಲೆಯಾಗಿ ಹಿಗ್ಗಿ ಕುಗ್ಗುತ್ತ ಬರುತ್ತದೆ. ಆ ಅಲೆ ಹಾದುಹೋಗುವಾಗ ಒಂದು ಕೊಳವೆ ಹಿಗ್ಗಿ ಇನ್ನೊಂದು ಕುಗ್ಗುವುದನ್ನು ಅಳೆಯುವುದೇ ಯಂತ್ರದ ಕೆಲಸ.

ಎಷ್ಟು ಹಿಗ್ಗುತ್ತದೆ? ಗಣಿತದ ಮಾಸ್ತರನಾದ ನನಗೆ ಇಲ್ಲಿ ಬಿಡಲಾಗದ ಲೆಕ್ಕವೊಂದಿದೆ. 2015ರ ಸೆಪ್ಟೆಂಬರ್ 14ರಂದು ಮೊದಲ ಬಾರಿಗೆ ಸಿಕ್ಕ ಅಲೆಯು, ಒಂದು ಮೀಟರಿಗೆ ಒಂದು ಮೀಟರಿನ 10ರ 21ನೆಯ ಘಾತದ ಒಂದು ಪಾಲಿನಷ್ಟು ಉದ್ದವನ್ನು ಬದಲಿಸಿತ್ತು. ಕೊಳವೆ 4,000 ಮೀಟರು. ಗುಣಿಸಿದರೆ ಬರುವ ಉದ್ದವು ಪರಮಾಣುವಿನ ನಡುವಿನ ಪ್ರೋಟಾನು ಕಣದ ಅಡ್ಡಳತೆಯ ಸುಮಾರು 400ರಲ್ಲಿ ಒಂದು ಪಾಲು. ಆ ಅಲೆಯನ್ನು ಕಳುಹಿದವು ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕೃಷ್ಣರಂಧ್ರಗಳು. ಅದು ನಮ್ಮನ್ನು ತಲುಪಲು ಸುಮಾರು 130 ಕೋಟಿ ವರುಷ ಹಿಡಿಯಿತು. ಯಂತ್ರದಲ್ಲಿ ಕೇಳಿಸಿದ್ದು ಸೆಕೆಂಡಿನ ಐದರಲ್ಲಿ ಒಂದು ಪಾಲು ಹೊತ್ತು ಮಾತ್ರ.

ಇಷ್ಟು ಸಣ್ಣ ಸಂಗತಿಯನ್ನು ಅಳೆಯಹೊರಟವನಿಗೆ ಮೊದಲ ವೈರಿ ಆಕಾಶದಲ್ಲಿಲ್ಲ, ಕಾಲ ಕೆಳಗೆ ಇದ್ದಾನೆ. ನೆಲವು ನಿಶ್ಚಲವೆಂದು ನಾವು ಭಾವಿಸಿರುತ್ತೇವೆ. ಅಚಲೆಯೆಂದು ಭೂಮಿಗೆ ಹೆಸರನ್ನೂ ಇಟ್ಟಿದ್ದೇವೆ. ಆದರೆ ಅದು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಸಮುದ್ರದ ತೆರೆಗಳು ಬಡಿಯುವ ಬಡಿತದಿಂದ ನೂರಾರು ಮೈಲಿ ಒಳನಾಡಿನ ನೆಲವೂ ಐದಾರು ಸೆಕೆಂಡಿಗೊಮ್ಮೆ ತೊಟ್ಟಿಲಿನಂತೆ ತೂಗುತ್ತಿರುತ್ತದೆ. ಆ ತೂಗಾಟ ಹೆಚ್ಚುಕಡಿಮೆ ಒಂದು ಮೈಕ್ರಾನು, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮಗೆ ಅದು ಶೂನ್ಯವೇ. ಲೈಗೊ ಯಂತ್ರಕ್ಕೆ ಅದು ತಾನು ಹುಡುಕುವ ಸಂಗತಿಯ ಲಕ್ಷ ಕೋಟಿ ಪಟ್ಟಿನ ಸಮೀಪ. ಇದರ ಮೇಲೆ ಗಾಳಿ, ಟ್ರಕ್ಕು, ನೀರೆತ್ತುವ ಪಂಪು, ಕಬ್ಬಿನ ಟ್ರ್ಯಾಕ್ಟರು. ಹೋಟಗಿ–ವಿಜಯಪುರ ಮಾರ್ಗದ ಗೂಡ್ಸ್ ಗಾಡಿ ಹಾದಾಗ ಹಳಿಯ ಸಮೀಪದ ಮನೆಗಳಲ್ಲಿ ತಾಟು ಲೋಟಗಳು ಸದ್ದು ಮಾಡುವುದನ್ನು ಕೇಳಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮ ಪ್ರದೇಶದವರಿಗಂತೂ ನೆಲ ಅಲುಗುವುದೆಂದರೇನೆಂಬುದನ್ನು ಪುಸ್ತಕ ಓದಿ ತಿಳಿಯಬೇಕಾದ ಪ್ರಸಂಗವಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣಪತಿಯನ್ನು ಕಳುಹಿ ಬಂದು ಊರೆಲ್ಲ ಮಲಗಿದ್ದಾಗ, ಕಿಲ್ಲಾರಿಯ ಭೂಕಂಪವಾಯಿತು. ಕಿಲ್ಲಾರಿ ನಮ್ಮ ಅಕ್ಕಲಕೋಟೆಯಿಂದ ನೇರ ಗೆರೆಯಲ್ಲಿ 70 ಕಿಲೋಮೀಟರಿನ ಆಸುಪಾಸು. ಗೂಟಕ್ಕೆ ಕಟ್ಟಿದ ಎತ್ತುಗಳು ಕೂಗಿದ್ದು, ಜಂತಿಯಿಂದ ಮಣ್ಣು ಉದುರಿದ್ದು, ಮಕ್ಕಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದ್ದು ಇಂದಿಗೂ ನನಗೆ ನೆನಪಿದೆ. ಲಾತೂರು, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸುಮಾರು 10 ಸಾವಿರ ಜನ ಸತ್ತರು. ಅವರಲ್ಲಿ ಬಹುತೇಕರನ್ನು ಕೊಂದದ್ದು ನಮ್ಮಲ್ಲಿಯಂತೆಯೇ ಇದ್ದ ಕಲ್ಲು–ಮಣ್ಣಿನ ದಪ್ಪ ಗೋಡೆ ಮತ್ತು ಮಾಳಿಗೆಯ ಭಾರ. ಭಾರವಾದುದು ಅಲುಗುವುದಿಲ್ಲ, ಆದುದರಿಂದ ಭದ್ರವೆಂಬುದು ನಮ್ಮ ಹಿರಿಯರ ನಂಬಿಕೆಯಾಗಿತ್ತು. ಆ ನಂಬಿಕೆ ಒಂದು ನಿಮಿಷದೊಳಗೆ ಕುಸಿಯಿತು. ಯಂತ್ರಗಳ ವಿಷಯದಲ್ಲಿಯೂ ಅದೇ ನಿಜ. ಭಾರವಾದ ಕಾಂಕ್ರೀಟಿನ ದಿಮ್ಮಿಯ ಮೇಲೆ ಯಂತ್ರವನ್ನು ಬಿಗಿದು ಕೂಡಿಸಿದರೆ ಅದು ನೆಲದೊಡನೆ ಏಕವಾಗುತ್ತದೆ. ನೆಲ ಕುಣಿದಂತೆ ತಾನೂ ಕುಣಿಯುತ್ತದೆ.

ಹಾಗಾದರೆ ಮಾಡುವುದೇನು? ವಿದ್ಯಾರ್ಥಿ ಮಿತ್ರರು ಓದುವುದನ್ನು ಇಲ್ಲಿ ನಿಲ್ಲಿಸಿ 25 ಸೆಂಟಿಮೀಟರು ಉದ್ದದ ದಾರಕ್ಕೆ ಒಂದು ಕಲ್ಲನ್ನು ಕಟ್ಟಿಕೊಳ್ಳಬೇಕು. ಈ ಲೋಲಕ ಸೆಕೆಂಡಿಗೆ ಒಂದು ಸಲ ಹೋಗಿ ಬರುತ್ತದೆ. ದಾರದ ಮೇಲ್ತುದಿಯನ್ನು ಹಿಡಿದು ಕೈಯನ್ನು ನಿಧಾನವಾಗಿ ಆಚೆ ಈಚೆ ಸರಿಸಿರಿ. ಕಲ್ಲು ಕೈಯನ್ನು ಹಿಂಬಾಲಿಸುತ್ತದೆ. ಈಗ ಕೈಯನ್ನು ಸೆಕೆಂಡಿಗೆ ಐದಾರು ಸಲ ವೇಗವಾಗಿ ನಡುಗಿಸಿರಿ. ಕೈ ನಡುಗುತ್ತದೆ, ಕಲ್ಲು ಇದ್ದಲ್ಲಿಯೇ ಇರುತ್ತದೆ. ಸೆಕೆಂಡಿಗೆ 10 ಸಲ ನಡುಗಿಸಿದರೆ ಕೈಯ ಅಲುಗಾಟದ 100ರಲ್ಲಿ ಒಂದು ಪಾಲು ಮಾತ್ರ ಕಲ್ಲಿಗೆ ಮುಟ್ಟುತ್ತದೆ. ಕಲ್ಲಿನ ಕೆಳಗೆ ಇನ್ನೊಂದು ದಾರ, ಇನ್ನೊಂದು ಕಲ್ಲು, ಹೀಗೆ ನಾಲ್ಕು ಅಂತಸ್ತು ಇಳಿಬಿಟ್ಟರೆ 100ನ್ನು ನಾಲ್ಕು ಸಲ ಗುಣಿಸಬೇಕು. ಪುಸ್ತಕದ ಲೆಕ್ಕದಲ್ಲಿ 10 ಕೋಟಿಗೆ ಒಂದು ಪಾಲು, ನಿಜದಲ್ಲಿ ಅದಕ್ಕಿಂತ ತುಸು ಕಡಿಮೆ ಲಾಭ. ಲೈಗೊದ ಕನ್ನಡಿಗಳು ಹೀಗೆಯೇ ನಾಲ್ಕು ಅಂತಸ್ತಿನ ಲೋಲಕದ ಕೊನೆಯಲ್ಲಿ, ಗಾಜನ್ನೇ ಎಳೆದು ಮಾಡಿದ ಅರ್ಧ ಮಿಲಿಮೀಟರಿಗಿಂತ ಸಣ್ಣ ನಾಲ್ಕು ಎಳೆಗಳಲ್ಲಿ ತೂಗುತ್ತಿರುತ್ತವೆ. ನೆಲದೊಡನೆ ಸಂಬಂಧವನ್ನು ಬಿಗಿ ಮಾಡದೆ ಸಡಿಲಗೊಳಿಸುವುದೇ ಮೊದಲ ಉಪಾಯ. ನಮ್ಮ ಅಜ್ಜಂದಿರು ಮಜ್ಜಿಗೆಯ ಗಡಿಗೆಯನ್ನು ನೆಲುವಿನಲ್ಲಿ ತೂಗುಬಿಟ್ಟದ್ದು ಬೆಕ್ಕಿನ ಭಯಕ್ಕೆ. ಆದರೂ ಉಪಾಯ ಅದೇ.

ಆದರೆ ಕಲ್ಲನ್ನು ಹಿಡಿದವರು ಇನ್ನೊಂದು ಸಂಗತಿಯನ್ನೂ ಕಂಡಿರಬೇಕು. ಕೈಯನ್ನು ಸೆಕೆಂಡಿಗೆ ಸರಿಯಾಗಿ ಒಂದು ಸಲದಂತೆ ಆಡಿಸಿದಾಗ ಕಲ್ಲು ಹುಚ್ಚೆದ್ದು ತೂಗುತ್ತದೆ. ಇದಕ್ಕೆ ಅನುರಣನವೆಂದು ಹೆಸರು. ವೇಗದ ನಡುಕವನ್ನು ತಡೆಯುವ ಲೋಲಕವು ತನ್ನ ಸ್ವಂತ ತಾಳಕ್ಕೆ ಸಮವಾದ ನಡುಕವನ್ನು ಹತ್ತು ಪಟ್ಟು, ನೂರು ಪಟ್ಟು ಬೆಳೆಸಿಬಿಡುತ್ತದೆ. ಅದಕ್ಕಿಂತ ನಿಧಾನದ ತೂಗಾಟವನ್ನು ತಡೆಯುವುದೇ ಇಲ್ಲ. ಸಮುದ್ರದಿಂದ ಬರುವ ತೂಗಾಟ ನಿಧಾನದ್ದೇ. ದಾರವನ್ನು ಎಷ್ಟು ಉದ್ದ ಮಾಡಲಾದೀತು? ಐದು ಸೆಕೆಂಡಿಗೆ ಒಂದು ಸಲ ತೂಗುವ ಲೋಲಕಕ್ಕೆ 6 ಮೀಟರಿಗಿಂತ ಹೆಚ್ಚು ಉದ್ದದ ದಾರ ಬೇಕು, ತಡೆಯಬೇಕಾದರೆ ಅದರ ಎಷ್ಟೋ ಪಟ್ಟು ಹೆಚ್ಚು. ಬರಿಯ ದಾರದ ಉಪಾಯ ಇಲ್ಲಿಗೆ ಮುಗಿಯಿತು.

ಮುಂದಿನ ಉಪಾಯವನ್ನು ನನಗೆ ಮೊದಲು ತಿಳಿಸಿಕೊಟ್ಟವನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ. ಹತ್ತನೆಯ ಇಯತ್ತೆಯವರೆಗೆ ಇಲ್ಲಿಯೇ ಕನ್ನಡದಲ್ಲಿ ಕಲಿತು, ಮುಂದೆ ತಂತ್ರಶಿಕ್ಷಣ ಪಡೆದು, ಪುಣೆಯ ಪ್ರಯೋಗಶಾಲೆಯೊಂದರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ದೀಪಾವಳಿಗೆ ಊರಿಗೆ ಬಂದಾಗ ಭೇಟಿಗೆ ಬರುವುದುಂಟು. ಒಮ್ಮೆ ಹೇಳಿದ: “ಸರ, ಹೊರಗ ರಸ್ತಾದಾಗ ಟ್ರಕ್ ಹಾದರ ನಮಗ ಸಪ್ಪಳಾನೂ ಕೇಳಂಗಿಲ್ರಿ. ಮಶೀನಿಗಿ ಮಾತ್ರ ಗೊತ್ತಾಗತೈತ್ರಿ. ಚಿತ್ರದಾಗ ನೆಟ್ಟಗಿನ ಗೆರಿ ಹಾವಿನಂಗ ಸೊಟ್ಟ ಬರತಾವ.” ಪರಮಾಣುಗಳ ಸಾಲುಗಳನ್ನು ಕಾಣಬಲ್ಲ ಯಂತ್ರವದು. ಸಾಲುಗಳ ನಡುವಿನ ಅಂತರ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಬಾಗಿಲು ದಡಕ್ಕನೆ ಮುಚ್ಚಿದರೂ ಯಾರಾದರೂ ಬಿರಬಿರನೆ ನಡೆದರೂ ಚಿತ್ರ ಕೆಟ್ಟಂತೆಯೇ. ಮೊದಲು ಅದನ್ನು ಗಾಳಿ ತುಂಬಿದ ರಬ್ಬರಿನ ಬುಗ್ಗೆಗಳ ಮೇಲೆ ಕೂಡಿಸಿದ್ದರಂತೆ. ವೇಗದ ನಡುಕ ನಿಂತಿತು. ಸೆಕೆಂಡಿಗೆ ಎರಡು ಮೂರು ಸಲದ ನಿಧಾನದ ನಡುಕ ಮಾತ್ರ ಹೆಚ್ಚಿತು. ದಾರದ ಕಲ್ಲಿನ ಪಾಠವೇ ಇದು. ಆನಂತರ ತಂದ ಹೊಸ ಮೇಜಿನಲ್ಲಿ ಅಲುಗಾಟವನ್ನು ಅಳೆಯುವ ಸಂವೇದಕಗಳಿದ್ದವು, ಮೇಜನ್ನು ಎದುರು ದಿಕ್ಕಿಗೆ ನೂಕುವ ಚಾಲಕಗಳಿದ್ದವು, ಇವೆರಡರ ನಡುವೆ ಲೆಕ್ಕ ಮಾಡುವ ಗಣಕವೊಂದಿತ್ತು. ನೆಲ ಎಡಕ್ಕೆ ಎಳೆದರೆ ಮೇಜನ್ನು ಅಷ್ಟೇ ಬಲಕ್ಕೆ ಒತ್ತುವುದು, ಮೇಲಕ್ಕೆ ತಳ್ಳಿದರೆ ಕೆಳಕ್ಕೆ ಒತ್ತುವುದು, ಸೆಕೆಂಡಿಗೆ ಸಾವಿರಾರು ಸಲ. ಇದನ್ನೇ ಸಕ್ರಿಯ ಕಂಪನ ನಿಯಂತ್ರಣವೆನ್ನುವರು. ದಾರ, ಬುಗ್ಗೆಗಳದು ನಿಷ್ಕ್ರಿಯ ನಿಯಂತ್ರಣ. ಅವು ತಡೆಯುತ್ತವೆ, ತಿದ್ದಲಾರವು.

ಈ ಹೆಸರು ಭಾರಿಯಾಗಿ ಕೇಳಿಸಬಹುದು. ಆದರೆ ನಮ್ಮ ತಡವಳದ ಹೆಣ್ಣುಮಕ್ಕಳು ತಲೆಮಾರುಗಳಿಂದ ಇದನ್ನೇ ಮಾಡುತ್ತ ಬಂದಿದ್ದಾರೆ. ಬೇಸಗೆಯಲ್ಲಿ ದೂರದ ಬಾವಿಯಿಂದ ತಲೆಯ ಮೇಲೆ ಒಂದರ ಮೇಲೊಂದು ಕೊಡ ಹೊತ್ತು, ಕಲ್ಲುಮುಳ್ಳಿನ ಹಾದಿಯಲ್ಲಿ, ಗೆಳತಿಯೊಡನೆ ಮಾತನಾಡುತ್ತ ಬರುವವಳನ್ನು ಗಮನಿಸಿರಿ. ಅವಳ ಕಾಲು ತಗ್ಗಿಗೆ ಇಳಿಯುತ್ತದೆ, ದಿಬ್ಬಕ್ಕೆ ಏರುತ್ತದೆ. ಕೊಡದ ನೀರು ತುಳುಕುವುದಿಲ್ಲ. ಸಿಂಬಿಯ ಮೆತ್ತೆ ಸಣ್ಣ ಅದುರನ್ನು ನುಂಗುತ್ತದೆ, ಅದು ನಿಷ್ಕ್ರಿಯ ಭಾಗ. ಉಳಿದುದೆಲ್ಲ ಅವಳ ಕುತ್ತಿಗೆ, ನಡು, ಮೊಣಕಾಲುಗಳ ಕೆಲಸ. ಕೊಡ ವಾಲುವುದನ್ನು ನೆತ್ತಿ ಅರಿಯುತ್ತದೆ, ವಾಲಿದಷ್ಟು ಮೈ ಎದುರು ಸರಿಯುತ್ತದೆ. ಅವಳು ಅಲುಗದೆ ನಿಂತಿರುವಳೆಂದು ದೂರದಿಂದ ನೋಡಿದವರಿಗೆ ಅನಿಸೀತು. ನಿಜವಾಗಿ ಅವಳು ಎಡೆಬಿಡದೆ ಅಲುಗುತ್ತಿರುತ್ತಾಳೆ, ಅಲುಗಿದ್ದರಿಂದಲೇ ಕೊಡ ನಿಂತಿದೆ.

ಇದರಲ್ಲಿ ಹೊತ್ತಿನ ಲೆಕ್ಕವೇ ಮುಖ್ಯವಾದುದು. ಜೋಕಾಲಿಯನ್ನು ನಿಲ್ಲಿಸಬೇಕಾದವನು ಅದು ತನ್ನತ್ತ ಬರುವಾಗ ಕೈ ಒಡ್ಡಬೇಕು. ತುಸು ತಡಮಾಡಿ, ಅದು ಹಿಂದಿರುಗುವಾಗ ಕೈ ಒತ್ತಿದರೆ ಜೋಕಾಲಿ ನಿಲ್ಲುವುದರ ಬದಲು ಇನ್ನೂ ಎತ್ತರಕ್ಕೆ ಹಾರುತ್ತದೆ. ಕೈ ಅದೇ, ಬಲ ಅದೇ, ಫಲ ತಿರುಗುಮುರುಗು. ಸಕ್ರಿಯ ನಿಯಂತ್ರಣವನ್ನು ರೂಪಿಸುವವರ ದೊಡ್ಡ ತಲೆನೋವು ಇದೇ. ಸಂವೇದಕ ಅಳೆಯಲು ಕ್ಷಣವೊಂದು, ಗಣಕಕ್ಕೆ ಕ್ಷಣವೊಂದು, ಚಾಲಕಕ್ಕೆ ಕ್ಷಣವೊಂದು ಬೇಕು. ಇವೆಲ್ಲ ಕೂಡಿ ತಡವಾದರೆ, ನಡುಕವನ್ನು ನಿಲ್ಲಿಸಬೇಕಾದ ಯಂತ್ರ ತಾನೇ ನಡುಕವನ್ನು ಹುಟ್ಟಿಸಿ ಗಡಗಡಿಸತೊಡಗುತ್ತದೆ. ಆದುದರಿಂದ ಯಾವ ವೇಗದ ನಡುಕಕ್ಕೆ ಎಷ್ಟು ಗಟ್ಟಿಯಾಗಿ ಉತ್ತರಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿರುತ್ತಾರೆ. ತರಗತಿಯನ್ನು ಸುಧಾರಿಸುವ ಮಾಸ್ತರರಿಗೂ ಈ ಲೆಕ್ಕ ಅಪರಿಚಿತವಲ್ಲ.

ಲೈಗೊ ಯಂತ್ರದಲ್ಲಿ ಎರಡೂ ಉಪಾಯಗಳನ್ನು ಒಂದರೊಳಗೊಂದು ಅಡಗಿಸಿದ್ದಾರೆ. ಎಲ್ಲಕ್ಕೂ ಹೊರಗೆ, ನಿರ್ವಾತ ಪಾತ್ರೆಯ ಆಚೆ, ನಾಲ್ಕು ಮೂಲೆಗಳಲ್ಲಿ ದ್ರವದ ಒತ್ತಡದಿಂದ ನಡೆಯುವ ಚಾಲಕಗಳಿವೆ. ಟನ್ನುಗಟ್ಟಲೆ ಭಾರವನ್ನು ಅವು ನಿಧಾನದ ತೂಗಾಟಕ್ಕೆ ಎದುರಾಗಿ ನೂಕುತ್ತವೆ. ಒಳಗೆ ಎರಡು ಅಂತಸ್ತಿನ ವೇದಿಕೆಯಿದೆ. ಅದರ ಮೇಲೆ ಭೂಕಂಪಮಾಪಕಗಳೇ ಕುಳಿತಿದ್ದು, ಸುರುಳಿ–ಅಯಸ್ಕಾಂತಗಳು ಆರು ಬಗೆಯ ಚಲನೆಗಳನ್ನೂ ತಿದ್ದುತ್ತವೆ. ಹಿಂದೆ–ಮುಂದೆ, ಎಡ–ಬಲ, ಮೇಲೆ–ಕೆಳಗೆ ಎಂಬ ಮೂರು ಸರಿದಾಟಗಳು, ಮತ್ತೆ ಮೂರು ಬಗೆಯ ಹೊರಳಾಟಗಳು. ಆ ವೇದಿಕೆಯ ಕೆಳಗೆ ನಾಲ್ಕು ಅಂತಸ್ತಿನ ಲೋಲಕ, ಅದರ ತುದಿಗೆ ಕನ್ನಡಿ. ನಿಧಾನದ ಅಲುಗಾಟವನ್ನು ಸಕ್ರಿಯ ಭಾಗವೂ ವೇಗದ ಅಲುಗಾಟವನ್ನು ದಾರವೂ ಹಂಚಿಕೊಳ್ಳುತ್ತವೆ. ಸೆಕೆಂಡಿಗೆ 10 ಸಲದ ನಡುಕವು ನೆಲದಿಂದ ಕನ್ನಡಿಗೆ ಬರುವಷ್ಟರಲ್ಲಿ ಸಾವಿರ ಕೋಟಿಗೆ ಒಂದು ಪಾಲಿನಷ್ಟು ಆಗಿರಬೇಕೆಂಬುದು ಅವರು ಇಟ್ಟುಕೊಂಡ ಗುರಿ.

ಲಿವಿಂಗ್‌ಸ್ಟನ್ನಿನ ಕಥೆ ಇಲ್ಲಿ ಹೇಳತಕ್ಕದ್ದು. ಅದು ಲೂಸಿಯಾನಾ ಪ್ರಾಂತದ ಕಾಡಿನ ನಡುವೆ ಇದೆ. ಸುತ್ತಲಿನ ಜನರ ಕಸುಬು ಮರ ಕಡಿಯುವುದು. ಮೊದಮೊದಲು ಹಗಲಿನಲ್ಲಿ ಮರ ಉರುಳುವಾಗ, ಲಾರಿ ಓಡುವಾಗ, ರೈಲು ಹಾದಾಗ ಯಂತ್ರವನ್ನು ನಡೆಸಲಾಗುತ್ತಿರಲಿಲ್ಲ. ಊರು ಮಲಗಿದ ಮೇಲೆಯೇ ಅದು ಏಳಬೇಕಿತ್ತು. 2004ರ ಸುಮಾರಿಗೆ ದ್ರವದ ಚಾಲಕಗಳನ್ನು ಕೂಡಿಸಿದ ನಂತರ ಹಗಲಿನಲ್ಲಿಯೂ ಕೆಲಸ ಮಾಡಲು ಸಾಧ್ಯವಾಯಿತು. ಈ ಸಂಗತಿ ನನಗೆ ಬಹಳ ಹಿಡಿಸಿತು. ಮರ ಕಡಿಯಬೇಡಿರೆಂದು ಊರವರ ಹೊಟ್ಟೆಯ ಮೇಲೆ ಹೊಡೆಯದೆ, ಯಂತ್ರವೇ ಊರಿನೊಡನೆ ಬಾಳುವುದನ್ನು ಕಲಿತುಕೊಂಡಿತು. ಹಿಂಗೋಲಿಯ ರೈತನೂ ಟ್ರ್ಯಾಕ್ಟರ್ ನಡೆಸಬೇಕಾದವನೇ.

ಎಷ್ಟು ಮಾಡಿದರೂ ಚೇಷ್ಟೆಗಳು ತಪ್ಪುವುದಿಲ್ಲ. 2017ರಲ್ಲಿ ಹ್ಯಾನ್‌ಫರ್ಡಿನ ಯಂತ್ರದಲ್ಲಿ ಅರ್ಥವಾಗದ ಸದ್ದೊಂದು ಮತ್ತೆ ಮತ್ತೆ ಬರುತ್ತಿತ್ತು. ಹುಡುಕಿ ನೋಡಿದರೆ, ಬಿಸಿಲಿಗೆ ಬಾಯಾರಿದ ಕಾಡುಕಾಗೆಗಳು ದ್ರವ ನೈಟ್ರೋಜನ್ನಿನ ಕೊಳವೆಯ ಮೇಲೆ ಕಟ್ಟಿದ ಹಿಮವನ್ನು ಕುಕ್ಕುತ್ತಿದ್ದವು. ಕೃಷ್ಣರಂಧ್ರಗಳ ಮಾತಿಗೆ ಕಿವಿಗೊಟ್ಟವರಿಗೆ ಕಾಗೆಯ ಕೊಕ್ಕು ಕೇಳಿಸಿತು. ಕೊಳವೆಗೆ ಹಿಮ ಕಟ್ಟದಂತೆ ಹೊದಿಕೆ ಹಾಕಿದರು. ಇನ್ನು ಜಗತ್ತಿನ ಯಾವ ಮೂಲೆಯಲ್ಲಿ ದೊಡ್ಡ ಭೂಕಂಪವಾದರೂ ಅದರ ಅಲೆ ಬಂದು ಕನ್ನಡಿಗಳನ್ನು ತಪ್ಪಿಸಿಬಿಡುತ್ತದೆ. ಆದುದರಿಂದ ಭೂಕಂಪದ ಸುದ್ದಿಯನ್ನು ತಂತಿಯ ವೇಗದಲ್ಲಿ ತರಿಸಿಕೊಂಡು, ನೆಲದಲ್ಲಿ ನಿಧಾನವಾಗಿ ಬರುವ ಅಲೆ ಮುಟ್ಟುವ ಮೊದಲೇ ನಿಯಂತ್ರಣದ ರೀತಿಯನ್ನು ಬದಲಿಸಿಕೊಳ್ಳುತ್ತಾರೆ. ಇಷ್ಟಾಗಿಯೂ ಉಳಿದ ಸಂಶಯಕ್ಕೆಂದೇ ಎರಡು ಯಂತ್ರಗಳನ್ನು ಸುಮಾರು 3,000 ಕಿಲೋಮೀಟರು ದೂರ ಇಟ್ಟಿರುವುದು. ಇಲ್ಲಿಯ ಲಾರಿ ಅಲ್ಲಿ ಕೇಳಿಸಲಾರದು. ಆಕಾಶದಿಂದ ಬಂದುದಾದರೆ ಎರಡೂ ಕಡೆ ಕೇಳಿಸಬೇಕು. 2015ರ ಆ ಅಲೆ ಎರಡೂ ಕಡೆ ಸೆಕೆಂಡಿನ ಸಾವಿರದ 7 ಪಾಲಿನ ಅಂತರದಲ್ಲಿ ಕೇಳಿಸಿತ್ತು. ಹಿಂಗೋಲಿಯ ಯಂತ್ರವೂ ಸೇರಿದರೆ ಶಬ್ದ ಯಾವ ದಿಕ್ಕಿನಿಂದ ಬಂತೆಂಬುದನ್ನು ಹೆಚ್ಚು ಖಚಿತವಾಗಿ ಹೇಳಬಹುದು.

ಆ ಅಲೆಯ ಕೊನೆಯಲ್ಲಿ ಒಂದು ಅನುರಣದ ಭಾಗವಿತ್ತು. ಗುಡಿಯ ಗಂಟೆಯನ್ನು ಬಾರಿಸಿ ಬಿಟ್ಟ ಮೇಲೆ ನಾದ ಇಳಿಯುತ್ತ ಹೋಗುವಂತೆ, ಒಂದಾದ ಕೃಷ್ಣರಂಧ್ರವೂ ಮಿಡಿದು ಶಾಂತವಾಗುತ್ತದೆ. ಹೀಗೆ ಮಿಡಿಯಬೇಕೆಂದು 1970ರಷ್ಟು ಹಿಂದೆಯೇ ಲೆಕ್ಕಹಾಕಿ ತೋರಿಸಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು, ಕನ್ನಡದ ಹೆಸರಾಂತ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. ಲೆಕ್ಕ ಮಾಡಿ 45 ವರುಷಗಳಾದ ಮೇಲೆ ಗಂಟೆ ಬಾರಿಸಿತು. ಆ ಸುದ್ದಿಯನ್ನು ಕೇಳುವವರೆಗೆ ಅವರು ಬದುಕಿದ್ದರು, 2017ರ ಜನವರಿಯಲ್ಲಿ ತೀರಿಕೊಂಡರು. ದಾಖಲಾ ಒಯ್ಯಲು ಬಂದ ಪಾಲಕರಿಗೆ ಈ ಹೆಸರನ್ನು ಹೇಳಬಹುದಿತ್ತು. ಆದರೆ ಒಬ್ಬ ಮಹನೀಯರ ಹೆಸರಿನಿಂದ ಅವರ ಪ್ರಶ್ನೆ ತೀರುತ್ತಿರಲಿಲ್ಲ. ಅವರು ಕೇಳಿದ್ದು ತಮ್ಮ ಮಗನ ವಿಷಯ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಕಿಲ್ಲಾರಿಯಾದ ನೆಲದ ಕಡೆಯೇ ಈ ಯಂತ್ರವನ್ನು ತರುವುದೇಕೆಂದು ಹಲವರು ಕೇಳುತ್ತಾರೆ. ಔಂಢಾ ನಾಗನಾಥವು ಕಿಲ್ಲಾರಿಯಿಂದ ನೇರ ಗೆರೆಯಲ್ಲಿ ಸುಮಾರು 170 ಕಿಲೋಮೀಟರು. ಹಿಂಗೋಲಿ ಪ್ರದೇಶದಲ್ಲಿಯೇ 2024ರ ಮಾರ್ಚ್ ಮತ್ತು ಜುಲೈ ತಿಂಗಳುಗಳಲ್ಲಿ 4.5ರ ಪ್ರಮಾಣದ ಕಂಪನಗಳಾದವು. ಭೂಕಂಪವೇ ಆಗದ ನೆಲವನ್ನು ಯಾರೂ ಹುಡುಕುತ್ತಿಲ್ಲ, ಅಂಥದು ಸಿಗುವುದೂ ಇಲ್ಲ. ಎಂದೋ ಒಮ್ಮೆ ಬರುವ ಹೊಡೆತ ಬೇರೆ, ಹಗಲಿರುಳೂ ಇರುವ ಗುಜುಗುಜು ಬೇರೆ. ಯಂತ್ರಕ್ಕೆ ಬೇಕಾದುದು ಎರಡನೆಯದು ಕಡಿಮೆ ಇರುವ ಜಾಗ. ಕಡಲಿನಿಂದ ದೂರ, ದೊಡ್ಡ ಕಾರಖಾನೆಗಳಿಂದ ದೂರ, ದೊಡ್ಡ ಊರುಗಳ ಗದ್ದಲದಿಂದ ದೂರ. ನಮ್ಮ ಗೌರಿಬಿದನೂರಿನಲ್ಲಿ 1960ರ ದಶಕದಲ್ಲಿಯೇ ಭಾಭಾ ಅಣು ಸಂಶೋಧನಾ ಕೇಂದ್ರದವರು ದೂರದೇಶಗಳ ಅಣುಸ್ಫೋಟಗಳನ್ನು ನೆಲದ ಅದುರಿನಿಂದ ಅರಿಯಲು ಭೂಕಂಪಮಾಪಕಗಳ ಸಾಲನ್ನು ಹೂಡಿದ್ದೂ ಇಂಥ ಶಾಂತವಾದ ಜಾಗವನ್ನು ಅರಸಿಯೇ. ಹಿಂದುಳಿದ ಪ್ರದೇಶವೆಂದು ನಮ್ಮನ್ನು ಕರೆಯಲು ಕಾರಣವಾದ ಸಂಗತಿಗಳೇ ಇಲ್ಲಿ ಅರ್ಹತೆಯಾದವು! ಕೊಳವೆಗಳೂ ಕಟ್ಟಡಗಳೂ ಪೂರ್ಣವಾಗಿ ಯಂತ್ರ ಕಿವಿಗೊಡಲು ಇನ್ನೂ ಕೆಲವು ವರುಷಗಳು ಬೇಕು. ಇಂದು ನಮ್ಮ ಎಂಟನೆಯ ಇಯತ್ತೆಯಲ್ಲಿರುವವರು ಆಗ ಕೆಲಸಕ್ಕೆ ಸೇರುವ ವಯಸ್ಸಿನವರಾಗಿರುತ್ತಾರೆ.

ನಿವೃತ್ತಿಯ ನಂತರವೂ ಶನಿವಾರದ ಮುಂಜಾನೆಯ ಶಾಲೆಯಲ್ಲಿ ಕೊನೆಯ ತಾಸನ್ನು ಮುಖ್ಯಾಧ್ಯಾಪಕರು ನನಗೆ ಪ್ರೀತಿಯಿಂದ ಬಿಟ್ಟುಕೊಡುತ್ತಾರೆ. ಈ ವಿಷಯವನ್ನೆಲ್ಲ ದಾರ, ಕಲ್ಲು, ಕೊಡಗಳ ಸಹಾಯದಿಂದ ಅಲ್ಲಿ ಹೇಳಿದೆ. ಪಾಠ ಮುಗಿದಾಗ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ, ಅಲುಗೂದನ್ನ ಅಳಿಯೋ ಯಂತ್ರನೂ ಅದ ಅಲುಗೋ ಹಲಗಿ ಮ್ಯಾಲ ಕುಂತಿರತೈತಿ. ತಾನೂ ಅಲಗತೈತಿ. ಮತ್ತ ಅದಕ್ಕ ಹೆಂಗ ಗೊತ್ತಾಗತೈತ್ರಿ?” ಎಷ್ಟು ವರುಷ ಕಲಿಸಿದರೂ ಇಂಥ ಪ್ರಶ್ನೆ ಅಪರೂಪಕ್ಕೆ ಸಿಗುತ್ತದೆ. ಮಾಪಕದ ಪೆಟ್ಟಿಗೆಯೊಳಗೆ ಸಡಿಲವಾಗಿ ತೂಗುಬಿಟ್ಟ ಭಾರವೊಂದಿರುತ್ತದೆ, ಪೆಟ್ಟಿಗೆ ಸರಿದರೂ ಭಾರ ಹಿಂದೆ ಉಳಿಯುತ್ತದೆ, ಅವೆರಡರ ನಡುವಿನ ಅಂತರವೇ ಅಳತೆ ಎಂದು ವಿವರಿಸಿದೆ. ಅವಳಿಗೆ ಅರ್ಧವೇ ಸಮಾಧಾನವಾದಂತೆ ಕಂಡಿತು. ಅರ್ಧವೇ ಆಗಬೇಕಾದದ್ದು, ಏಕೆಂದರೆ ಆ ಮಾಪಕಕ್ಕೆ ಒಂದು ಕುರುಡು ಇದೆ. ನೆಲ ಪಕ್ಕಕ್ಕೆ ಸರಿದರೂ ಭಾರ ಒಂದು ಕಡೆ ಹೋಗುತ್ತದೆ, ನೆಲ ಸರಿಯದೆ ಬರಿದೆ ಓರೆಯಾದರೂ ಭಾರ ಒಂದು ಕಡೆ ಹೋಗುತ್ತದೆ. ಯಾವುದು ಆಯಿತೆಂದು ಅದು ಹೇಳಲಾರದು. ಜೋರಾಗಿ ಗಾಳಿ ಬೀಸಿ ಕಟ್ಟಡದ ಗೋಡೆಯನ್ನು ಒತ್ತಿದರೆ ನೆಲ ಕಾಣದಷ್ಟು ಓರೆಯಾಗುತ್ತದೆ. ಮಾಪಕ ಅದನ್ನು ಸರಿದಾಟವೆಂದು ತಿಳಿಯುತ್ತದೆ, ಚಾಲಕಗಳು ಇಲ್ಲದ ಸರಿದಾಟವನ್ನು ತಿದ್ದಹೋಗಿ ಕನ್ನಡಿಯನ್ನು ತಾವೇ ಅಲುಗಿಸುತ್ತವೆ.

ಇದನ್ನು ಬಾಯಿಂದ ಹೇಳದೆ ಒಂದು ಕೆಲಸ ಒಪ್ಪಿಸಿದೆ. ಅಕ್ಕಲಕೋಟೆಗೆ ಎಸ್.ಟಿ. ಬಸ್ಸಿನಲ್ಲಿ ಹೋಗುವಾಗ ಅರ್ಧ ತುಂಬಿದ ನೀರಿನ ಬಾಟಲಿಯನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡು, ಬರಿಯ ನೀರಿನ ಮಟ್ಟವನ್ನು ನೋಡಿ, ಬಸ್ಸು ಬ್ರೇಕು ಹಾಕಿತೋ ಇಳಿಜಾರಿನಲ್ಲಿ ಹೊರಟಿತೋ ಹೇಳಬೇಕೆಂದೆ. ಮುಂದಿನ ಶನಿವಾರ ಬಂದವಳು, “ನೀರು ಎರಡೂ ಸಲ ಮುಂದಕ್ಕ ಏರತೈತ್ರಿ ಸರ. ಬಾಟಲಿ ನೋಡಿ ಹೇಳಾಕ ಆಗಲಿಲ್ಲ. ಕಿಡಕಿಯಿಂದ ಹೊರಗ ನೋಡಬೇಕಾತು” ಎಂದಳು.

ವಿಜ್ಞಾನಿಗಳೂ ಅದನ್ನೇ ಮಾಡಿದ್ದಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ತಕ್ಕಡಿಯ ದಂಡಿಗೆಯಂಥ ಉದ್ದನೆಯ ತೊಲೆಯೊಂದನ್ನು ಸರಿಯಾಗಿ ನಡುವಿನಲ್ಲಿ ತೆಳುವಾದ ಲೋಹದ ಪಟ್ಟಿಗಳಿಂದ ತೂಗುಬಿಟ್ಟು ಒಂದು ಉಪಕರಣವನ್ನು ಮಾಡಿದರು. ನಡುವಿನಲ್ಲಿ ತೂಗಿದ್ದರಿಂದ ನೆಲ ಪಕ್ಕಕ್ಕೆ ಸರಿದರೆ ತೊಲೆ ತಿರುಗುವುದಿಲ್ಲ. ನೆಲ ಓರೆಯಾದರೂ ತೊಲೆ ತನ್ನ ಮಟ್ಟವನ್ನು ಬಿಡುವುದಿಲ್ಲ. ತೊಲೆಗೂ ನೆಲಕ್ಕೂ ನಡುವೆ ಬಿದ್ದ ಕೋನವೇ ನೆಲದ ಓರೆ. ಅದನ್ನು ಭೂಕಂಪಮಾಪಕದ ಅಳತೆಯಿಂದ ಕಳೆದರೆ ನಿಜವಾದ ಸರಿದಾಟ ಉಳಿಯುತ್ತದೆ. ಗಾಳಿಯ ದಿನಗಳಲ್ಲಿಯೂ ಯಂತ್ರ ನಡೆಯಲು ಹ್ಯಾನ್‌ಫರ್ಡಿನಲ್ಲಿ ಇದು ನೆರವಾಯಿತು. ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿ ಹಳೆಯ ಭೌತತಕ್ಕಡಿಯೊಂದು ಇದೆ. ಪರಡಿಗಳು ಕಳೆದುಹೋಗಿವೆ, ದಂಡಿಗೆ ಮಾತ್ರ ನೆಟ್ಟಗಿದೆ. ಹುಡುಗಿ ಅದನ್ನು ಹೊರತೆಗೆದು ಧೂಳು ಒರೆಸಿ ಮೇಜಿನ ಮೇಲೆ ಇಟ್ಟಳು. ಅವಳ ಗೆಳತಿಯೊಬ್ಬಳು ಮೇಜಿನ ಒಂದು ಕಾಲಿನ ಕೆಳಗೆ ಬೀಜಗಣಿತದ ಪುಸ್ತಕವನ್ನು ಸೇರಿಸಿದಳು. ಮೇಜು ಓರೆಯಾಯಿತು. ವರ್ಗವೆಲ್ಲ ಬಗ್ಗಿ ದಂಡಿಗೆಯ ಮುಳ್ಳನ್ನು ನೋಡತೊಡಗಿತು.